ಮಿಸಿಸಿಪಿ ನದಿಯ ಕಪ್ಪೆಚಿಪ್ಪುಗಳು

೧

ಅಂಗಿಯ ಗುಂಡಿಯು ಬಹು ಅಲ್ಪವಾದ ವಸ್ತು. ಅದು ಕಿತ್ತುಹೋದ ದಿನ ಮಾತ್ರ ಮನೆಯವರಿಗೆ ಅದರ ನೆನಪಾಗುತ್ತದೆ. ಆದರೆ ಇತಿಹಾಸದ ದೃಷ್ಟಿಗೆ ಅಲ್ಪವಸ್ತುವೆಂಬುದೇ ಇಲ್ಲ. ಮೆಣಸಿಗಾಗಿ ಹಡಗುಗಳು ಸಾಗರಗಳನ್ನು ದಾಟಿದವು. ನೀಲಿಯ ಬೆಳೆಯ ದೆಸೆಯಿಂದ ವಂಗದೇಶದ ರೈತರು ದಂಗೆಯೆದ್ದರು. ಹಾಗೆಯೇ ಗುಂಡಿಯ ದೆಸೆಯಿಂದ ಉತ್ತರ ಅಮೇರಿಕಾ ಖಂಡದ ಮಹಾನದಿಯೊಂದರ ಗರ್ಭವು ಬರಿದಾಯಿತು. ಆ ನದಿಯೇ ಮಿಸಿಸಿಪಿ. ಅದರ ತಳದಲ್ಲಿ ಕಲ್ಲುಹಾಸಿನಂತೆ ಹರಡಿಕೊಂಡಿದ್ದ ಕಪ್ಪೆಚಿಪ್ಪಿನ ಪ್ರಾಣಿಗಳ ಚರಿತ್ರೆಯಲ್ಲಿ ಒಂದು ಉದ್ಯಮದ ಏಳುಬೀಳುಗಳಿವೆ, ಒಂದು ಶಾಸ್ತ್ರದ ಬೆಳವಣಿಗೆಯಿದೆ, ಜ್ಞಾನವಿದ್ದೂ ಅದು ಹೊತ್ತಿಗೊದಗದೆ ಹೋದ ದುಃಖವೂ ಇದೆ.

ಕಪ್ಪೆಚಿಪ್ಪೆಂಬ ಹೆಸರು ಕನ್ನಡದಲ್ಲಿ ಕೆರೆ, ಹೊಳೆ, ಕಡಲುಗಳ ಎರಡು ಹೋಳಿನ ಚಿಪ್ಪುಗಳಿಗೆಲ್ಲ ಸಲ್ಲುತ್ತದೆ. ಇಲ್ಲಿ ಹೇಳತಕ್ಕುದು ಸಿಹಿನೀರಿನವುಗಳ ಸಂಗತಿ. ಈ ಪ್ರಾಣಿಗೆ ತಲೆಯಿಲ್ಲ, ಕಣ್ಣಿಲ್ಲ. ನಾಲಗೆಯಂತೆ ಹೊರಚಾಚುವ ಒಂದೇ ಒಂದು ಮಾಂಸಲವಾದ ಪಾದವುಂಟು. ಅದನ್ನು ಮರಳಿನಲ್ಲಿ ಊರಿ, ಅರ್ಧ ಹುಗಿದುಕೊಂಡು, ಹರಿಯುವ ನೀರನ್ನು ಒಳಕ್ಕೆಳೆದು, ಅದರಲ್ಲಿನ ಪಾಚಿಯ ಕಣಗಳನ್ನೂ ಕಸವನ್ನೂ ಸೋಸಿಕೊಂಡು ಉಳಿದ ನೀರನ್ನು ಹೊರಕ್ಕೆ ಬಿಡುವುದೇ ಅದರ ಜೀವನ. ದೊಡ್ಡದೊಂದು ಕಪ್ಪೆಚಿಪ್ಪು ದಿನವೊಂದಕ್ಕೆ ಒಂದೆರಡು ಕೊಡ ನೀರನ್ನು ಹೀಗೆ ಶೋಧಿಸಬಲ್ಲುದು. ಲಕ್ಷಾಂತರವಾಗಿ ಒಂದೆಡೆ ನೆಲಸಿದಾಗ ಅವು ನದಿಗೆ ಜರಡಿಯಂತೆ ಒದಗುತ್ತವೆ. ಅನೇಕ ಜಾತಿಗಳು ಹತ್ತಾರು ವರ್ಷ ಬದುಕುತ್ತವೆ, ಶತಾಯುಷಿಗಳೂ ಉಂಟು.

ಜಗತ್ತಿನಲ್ಲಿ ಇಂತಹ ಸಿಹಿನೀರಿನ ಕಪ್ಪೆಚಿಪ್ಪುಗಳ ಜಾತಿಗಳು ಸುಮಾರು ೯೦೦. ಇವುಗಳಲ್ಲಿ ಮೂರರಲ್ಲೊಂದು ಪಾಲು, ಎಂದರೆ ಸುಮಾರು ೩೦೦ ಜಾತಿಗಳು, ಉತ್ತರ ಅಮೇರಿಕಾದ ಸ್ವತ್ತು. ಮತ್ತಾವ ಖಂಡಕ್ಕೂ ಈ ಸಂಪತ್ತಿಲ್ಲ. ಆ ದೇಶದ ಮೂಲನಿವಾಸಿಗಳು ಇವುಗಳ ಮಾಂಸವನ್ನು ತಿಂದರು. ಚಿಪ್ಪನ್ನು ಪುಡಿಮಾಡಿ ಮಡಕೆಯ ಜೇಡಿಮಣ್ಣಿಗೆ ಬೆರಸಿದರು. ಅವರ ಹಳೆಯ ಬೀಡುಗಳಲ್ಲಿ ಇಂದಿಗೂ ಚಿಪ್ಪಿನ ತಿಪ್ಪೆಗಳು ಸಿಕ್ಕುತ್ತವೆ. ಅನಂತರ ಬಂದ ಬಿಳಿಯ ಒಕ್ಕಲಿಗರೂ ಬೆಸ್ತರೂ ಚಿಪ್ಪಿನ ಆಕಾರವನ್ನು ನೋಡಿ ಒಂದೊಂದಕ್ಕೆ ಒಂದೊಂದು ಹೆಸರಿಟ್ಟರು: ಆನೆಕಿವಿ, ಹಂದಿಗೊರಸು, ಮಂಗನ ಮೋರೆ, ಹಣದ ಚೀಲ, ಒಗೆಯುವ ಹಲಗೆ, ಹಿಮ್ಮಡಿಸೀಳು, ಕರಿಮರದ ಚಿಪ್ಪು. ಇಂತಹ ಹೆಸರುಗಳನ್ನು ಪಂಡಿತರು ಇಡಲಾರರು. ನದಿಯೊಡನೆ ಬಾಳಿದ ಜನರು ಮಾತ್ರವೇ ಇಡಬಲ್ಲರು.

೨

೧೮೫೭ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಪ್ಯಾಟರ್ಸನ್ ಪಟ್ಟಣದ ಬಳಿಯ ಹಳ್ಳವೊಂದರಲ್ಲಿ ಕಪ್ಪೆಚಿಪ್ಪಿನೊಳಗೆ ಅಮೂಲ್ಯವಾದ ಮುತ್ತು ದೊರೆಯಿತು. ಸುದ್ದಿ ಹರಡಿದೊಡನೆ ಜನರು ಹಳ್ಳಕ್ಕೆ ಮುಗಿಬಿದ್ದರು. ಒಂದು ಮುತ್ತಿನ ಆಸೆಗೆ ಸಾವಿರಾರು ಚಿಪ್ಪುಗಳನ್ನು ಸೀಳಿ ದಡದ ಮೇಲೆಸೆದರು. ಆದರೆ ಮುತ್ತಿನ ಹುಚ್ಚು ಜೂಜಿನಂತಹುದು. ಬಂದಷ್ಟೇ ಬೇಗನೆ ಇಳಿಯುತ್ತದೆ. ನದಿಯ ಮೇಲೆ ನಿತ್ಯದ ದಾಳಿಯನ್ನು ತಂದದ್ದು ಗುಂಡಿಯ ಕಸುಬು.

ಈ ಕಸುಬಿನ ಮೂಲಪುರುಷನು ಜಾನ್ ಬೆಪ್ಲೆ ಎಂಬ ಜರ್ಮನಿಯವನು. ೧೮೫೪ರಲ್ಲಿ ಹ್ಯಾಂಬುರ್ಗ್ ನಗರದ ಹತ್ತಿರದ ಓಟೆನ್‌ಸೆನ್‌ನಲ್ಲಿ ಹುಟ್ಟಿ, ಕೊಂಬು, ಎಲುಬು, ಚಿಪ್ಪುಗಳನ್ನು ಕಡೆದು ಗುಂಡಿ ಮಾಡುವ ವಿದ್ಯೆಯನ್ನು ಕಲಿತವನು. ೧೮೮೭ರಲ್ಲಿ ಅಮೇರಿಕಾಕ್ಕೆ ಬಂದನು. ಇಲಿನಾಯ್ ಸಂಸ್ಥಾನದ ಒಂದು ನದಿಯಲ್ಲಿ ಸ್ನಾನಕ್ಕಿಳಿದಾಗ ಕಾಲಿಗೆ ಹರಿತವಾದದ್ದೇನೋ ತಾಕಿ ಗಾಯವಾಯಿತೆಂದೂ, ಬಗ್ಗಿ ನೋಡಲು ತಳವೆಲ್ಲ ಕಪ್ಪೆಚಿಪ್ಪಿನಿಂದ ತುಂಬಿದ್ದಿತೆಂದೂ ಪ್ರತೀತಿಯುಂಟು. ಚಿಪ್ಪೇನೋ ಸಿಕ್ಕಿತು, ಆದರೆ ಯೂರೋಪಿನಿಂದ ಅಗ್ಗವಾಗಿ ಬರುತ್ತಿದ್ದ ಗುಂಡಿಗಳ ಮುಂದೆ ಅವನ ಸರಕು ನಿಲ್ಲುವಂತಿರಲಿಲ್ಲ. ೧೮೯೦ರಲ್ಲಿ ಅಮೇರಿಕಾ ಸರಕಾರವು ಮೆಕಿನ್ಲಿ ಸುಂಕದ ಕಾಯಿದೆಯನ್ನು ಮಾಡಿ ಪರದೇಶದ ಗುಂಡಿಗಳ ಮೇಲೆ ಭಾರಿ ಸುಂಕವನ್ನು ಹೇರಿತು. ಮರುವರ್ಷವೇ, ೧೮೯೧ರಲ್ಲಿ, ಬೆಪ್ಲೆಯು ಐಯೋವ ಸಂಸ್ಥಾನದ ಮಸ್ಕಟೀನ್ ಎಂಬ ನದೀತೀರದ ಊರಿನಲ್ಲಿ ತನ್ನ ಕಾರ್ಖಾನೆಯನ್ನು ತೆರೆದನು. ರಾಜಧಾನಿಯಲ್ಲಿ ಕುಳಿತು ಬರೆದ ಸುಂಕದ ಒಂದು ಪಟ್ಟಿಯಿಂದ ಸಾವಿರ ಮೈಲಿ ದೂರದ ಜಲಚರಗಳ ಹಣೆಯಬರೆಹವು ಹೀಗೆ ತಿದ್ದಲ್ಪಟ್ಟಿತು.

ಚಿಪ್ಪು ಹಿಡಿಯುವ ರೀತಿಯು ಸರಳವಾದುದು. ಉದ್ದನೆಯ ಕಂಬಿಗೆ ದಾರಗಳನ್ನು ಕಟ್ಟಿ, ದಾರಗಳಿಗೆ ಮೊನೆಬಾಗಿದ ಕೊಕ್ಕೆಗಳನ್ನು ಪೋಣಿಸಿ, ದೋಣಿಯಿಂದ ಅದನ್ನು ನದಿಯ ತಳದಲ್ಲಿ ಎಳೆದುಕೊಂಡು ಹೋಗುವರು. ಬಾಯ್ದೆರೆದು ಉಣ್ಣುತ್ತಿರುವ ಪ್ರಾಣಿಯು ಕೊಕ್ಕೆಯು ತಾಕಿದೊಡನೆ ಅಪಾಯವೆಂದು ಬಗೆದು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಳ್ಳುವುದು. ತನ್ನ ರಕ್ಷಣೆಯ ಉಪಾಯದಿಂದಲೇ ಸೆರೆಸಿಕ್ಕುವುದು. ದಡದಲ್ಲಿ ಕೊಪ್ಪರಿಗೆಗಳಲ್ಲಿ ಬೇಯಿಸಿ, ಮಾಂಸವನ್ನು ತೆಗೆದು, ಚಿಪ್ಪನ್ನು ಜಾತಿವಾರಾಗಿ ವಿಂಗಡಿಸುವರು. ಕಾರ್ಖಾನೆಯಲ್ಲಿ ಅದನ್ನು ನೆನೆಯಿಟ್ಟು, ಕೊಳವೆಯಾಕಾರದ ಗರಗಸದಿಂದ ಬಿಲ್ಲೆಗಳನ್ನು ಕೊಯ್ದು, ಉಜ್ಜಿ, ತೂತಿಟ್ಟು, ಹೊಳಪು ಕೊಡುವರು. ಗಂಡಸರು ಕೊಯ್ದರೆ ಹೆಂಗಸರು ತೂತಿಟ್ಟರು. ಮನೆಗಳಲ್ಲಿ ಮಕ್ಕಳು ಗುಂಡಿಗಳನ್ನು ಕಾಗದದ ಹಲಗೆಗಳಿಗೆ ಹೊಲಿದರು. ತೂತುತೂತಾಗಿ ಉಳಿದ ಚಿಪ್ಪು ರಸ್ತೆಗೆ ಜಲ್ಲಿಯಾಯಿತು.

೧೯೦೫ರಲ್ಲಿ ಮಸ್ಕಟೀನಿನ ಕಾರ್ಖಾನೆಗಳಿಂದ ಹೊರಟ ಗುಂಡಿಗಳ ಸಂಖ್ಯೆ ೧೫೦ ಕೋಟಿ. ಜಗತ್ತಿನ ಗುಂಡಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನದು ತನ್ನದೆಂಬುದು ಆ ಊರಿನ ಹೆಮ್ಮೆಯ ಲೆಕ್ಕವಾಗಿದ್ದಿತು. ಆದರೆ ಗುಂಡಿಯ ಹೊಳಪು ಅದನ್ನು ಮಾಡಿದವರ ಬಾಳಿಗೆ ಬರಲಿಲ್ಲ. ಚಿಪ್ಪಿನ ಧೂಳು ಎದೆಗೆ ಸೇರುತ್ತಿದ್ದಿತು. ಯಂತ್ರಗಳು ಬೆರಳುಗಳನ್ನು ಕಚ್ಚುತ್ತಿದ್ದವು. ಬಿಲ್ಲೆಗಳ ಎಣಿಕೆಯಲ್ಲಿ ಮೋಸವಾಗುತ್ತಿದೆಯೆಂಬ ದೂರು ಎಲ್ಲೆಲ್ಲಿಯೂ ಕೇಳಿಬರುತ್ತಿದ್ದಿತು. ೧೯೧೧ರಲ್ಲಿ ಕೆಲಸಗಾರರು ಸಂಘ ಕಟ್ಟಿದರು; ಮಾಲಿಕರು ಬಾಗಿಲು ಮುಚ್ಚಿದರು; ಊರಿಗೆ ಸಂಸ್ಥಾನದ ದಂಡು ಬಂದಿತು. ಪರ್ಲ್ ಮೆಕ್‌ಗಿಲ್ ಎಂಬ ಹದಿಹರೆಯದ ಹುಡುಗಿಯು ಊರೂರು ತಿರುಗಿ ಮುಷ್ಕರದವರಿಗಾಗಿ ಮಾತನಾಡಿದಳು. ಅವಳ ಹೆಸರಿಗೆ ಮುತ್ತೆಂದೇ ಅರ್ಥ.

೩

ಅಪಾಯದ ಎಚ್ಚರಿಕೆಯು ತಡವಾಗಿ ಬಂದಿತೆನ್ನುವಂತಿಲ್ಲ. ಉದ್ಯಮವು ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ, ಸರಕಾರದ ಮತ್ಸ್ಯಶಾಖೆಯ ಹ್ಯೂ ಸ್ಮಿತ್ ಎಂಬವರು ನದಿಯನ್ನು ಪರೀಕ್ಷಿಸಿ, ೧೮೯೯ರಲ್ಲಿ ಪ್ರಕಟವಾದ ವರದಿಯಲ್ಲಿ, ಚಿಪ್ಪಿನ ನೆಲೆಗಳು ಸವೆಯುತ್ತಿವೆಯೆಂಬುದನ್ನು ತೋರಿಸಿದ್ದರು. ಒಂದು ನೆಲೆಯು ಬರಿದಾದರೆ ಬೆಸ್ತರು ಮುಂದಿನ ನೆಲೆಗೆ ಹೋದರು. ಒಂದು ನದಿಯು ತೀರಿದರೆ ಅದರ ಉಪನದಿಗೆ ಹೋದರು. ಹುಟ್ಟುವಳಿಯು ಕಡಿಮೆಯಾದಂತೆ ಅವುಗಳನ್ನು ಬೆಳಸುವುದು ಹೇಗೆಂಬ ಪ್ರಶ್ನೆಯು ಎದ್ದಿತು. ಬೆಳಸಬೇಕಾದರೆ ಅವು ಹುಟ್ಟುವ ಬಗೆಯು ತಿಳಿದಿರಬೇಕು. ಇಲ್ಲಿ ಜೀವಶಾಸ್ತ್ರದ ಅತ್ಯಂತ ಸ್ವಾರಸ್ಯವಾದ ಕಥೆಯೊಂದು ಬರುತ್ತದೆ.

ಹಾಲೆಂಡಿನ ಲೀವೆನ್‌ಹೂಕನು ೧೬೯೫ರಲ್ಲಿಯೇ ತನ್ನ ಸೂಕ್ಷ್ಮದರ್ಶಕದ ಕೆಳಗೆ ತಾಯಿಚಿಪ್ಪಿನ ಕಿವಿರುಗಳಲ್ಲಿ ತುಂಬಿದ್ದ ಅಣುಗಾತ್ರದ ಮರಿಗಳನ್ನು ಕಂಡಿದ್ದನು. ಆದರೆ ೧೭೯೭ರಲ್ಲಿ ರಾಟ್ಕೆ ಎಂಬ ವಿದ್ವಾಂಸನು, ಇವು ಮರಿಗಳಲ್ಲ, ತಾಯಿಯ ಮೈಯನ್ನು ಹೊಕ್ಕ ಪರೋಪಜೀವಿಗಳು ಎಂದು ವಾದಿಸಿ ಗ್ಲೋಕಿಡಿಯಮ್ ಎಂಬ ಹೆಸರನ್ನೂ ಇಟ್ಟುಬಿಟ್ಟನು. ಆ ವಾದವು ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು. ತಾಯಿಯನ್ನು ಬಿಟ್ಟ ಮೇಲೆ ಮರಿಗಳು ಎಲ್ಲಿಗೆ ಹೋಗುತ್ತವೆಂಬುದನ್ನು ೧೮೬೬ರಲ್ಲಿ ಜರ್ಮನಿಯ ಲೈಡಿಗನು ಕಂಡುಹಿಡಿದನು. ಅವು ಮೀನಿನ ಮೈಯನ್ನು ಕಚ್ಚಿಕೊಳ್ಳುತ್ತವೆ. ಮೀನಿನ ಕಿವಿರಿನಲ್ಲಿಯೋ ಈಜುರೆಕ್ಕೆಯಲ್ಲಿಯೋ ಒಂದು ಚಿಕ್ಕ ಗುಳ್ಳೆಯೊಳಗೆ ಕೆಲವು ವಾರಗಳಿದ್ದು, ರೂಪಾಂತರ ಹೊಂದಿ, ಪುಟ್ಟ ಕಪ್ಪೆಚಿಪ್ಪಾಗಿ ನದಿಯ ತಳಕ್ಕೆ ಉದುರುತ್ತವೆ. ರಾಟ್ಕೆಯು ಪರೋಪಜೀವಿಯೆಂದುದು ಪೂರ್ಣ ಸುಳ್ಳಲ್ಲವೆಂಬಂತಾಯಿತು; ಆತಿಥೇಯನನ್ನು ಮಾತ್ರ ಅವನು ತಪ್ಪಾಗಿ ಗುರುತಿಸಿದ್ದನು.

ನಡೆಯಲಾರದ ಪ್ರಾಣಿಯ ಸಂತಾನವು ಪ್ರವಾಹಕ್ಕೆ ಎದುರಾಗಿ ಮೇಲಿನ ನೀರಿಗೆ ಹೋಗಬೇಕಾದರೆ ಮೀನೇ ಅದಕ್ಕೆ ವಾಹನ. ಆದರೆ ಎಲ್ಲ ಮೀನುಗಳೂ ಎಲ್ಲ ಚಿಪ್ಪುಗಳಿಗೆ ಒಗ್ಗುವುದಿಲ್ಲ. ಕೆಲವು ಜಾತಿಗಳಿಗೆ ಹತ್ತಾರು ಬಗೆಯ ಮೀನುಗಳು ಆಗುತ್ತವೆ. ಕೆಲವಕ್ಕೆ ಒಂದೇ ಒಂದು. ಕೆಲವು ತಾಯಿಗಳು ತಮ್ಮ ಮೈಯ ಅಂಚನ್ನು ಸಣ್ಣ ಮೀನಿನ ಆಕಾರದಲ್ಲಿ ಹೊರಚಾಚಿ ಅಲ್ಲಾಡಿಸುತ್ತವೆ. ಅದರಲ್ಲಿ ಮೀನಿನ ಕಣ್ಣಿನಂತಹ ಚುಕ್ಕೆಯೂ ಇರುತ್ತದೆ. ದೊಡ್ಡ ಮೀನು ಅದನ್ನು ನುಂಗಬಂದಾಗ ಮರಿಗಳನ್ನು ಅದರ ಬಾಯಿಗೆ ಎರಚುತ್ತವೆ. ಕಣ್ಣಿಲ್ಲದ ಪ್ರಾಣಿಯು ಕಣ್ಣುಳ್ಳ ಪ್ರಾಣಿಯನ್ನು ಹೀಗೆ ವಂಚಿಸುತ್ತದೆ.

ಮಿಸೂರಿ ವಿಶ್ವವಿದ್ಯಾನಿಲಯದ ಲೆಫೀವರ್ ಮತ್ತು ಕರ್ಟಿಸ್ ಎಂಬ ಪ್ರಾಧ್ಯಾಪಕರು ಈ ರಹಸ್ಯವನ್ನು ಪ್ರಯೋಗಕ್ಕೆ ತಂದರು. ಮೀನುಗಳನ್ನು ತೊಟ್ಟಿಯಲ್ಲಿಟ್ಟು, ಮರಿಗಳನ್ನು ನೀರಿಗೆ ಬಿಟ್ಟು, ಅವು ಕಚ್ಚಿಕೊಂಡ ಮೇಲೆ ಮೀನುಗಳನ್ನು ನದಿಗೆ ಬಿಡುವ ಕ್ರಮವನ್ನು ನಿರೂಪಿಸಿದರು. ೧೯೦೮ರಲ್ಲಿ ಅಮೇರಿಕಾದ ಕಾಂಗ್ರೆಸ್ ಸಭೆಯು ಮಸ್ಕಟೀನಿಗೆ ಸಮೀಪದ ಫೇರ್‌ಪೋರ್ಟಿನಲ್ಲಿ ಜೀವಶಾಸ್ತ್ರದ ಕೇಂದ್ರವೊಂದನ್ನು ಸ್ಥಾಪಿಸಲು ಅನುಮತಿ ಕೊಟ್ಟಿತು. ಅಲ್ಲಿಂದ ಮುಂದೆ ಕೋಟ್ಯಂತರ ಮರಿಗಳನ್ನು ಹೊತ್ತ ಮೀನುಗಳು ನದಿಗೆ ಇಳಿದವು. ಉದ್ಯಮದ ಸ್ಥಾಪಕನಾದ ಬೆಪ್ಲೆಯೇ, ಯಂತ್ರಗಳ ಪೈಪೋಟಿಯಲ್ಲಿ ಹಿಂದೆ ಬಿದ್ದು, ಕೊನೆಗಾಲದಲ್ಲಿ ಈ ಕೇಂದ್ರದ ಕೆಲಸಕ್ಕೆ ಸೇರಿದನು. ಚಿಪ್ಪಿನ ನೆಲೆಗಳನ್ನು ಪರೀಕ್ಷಿಸುವಾಗ ಚಿಪ್ಪೊಂದು ಕಾಲನ್ನು ಕೊಯ್ದು, ಗಾಯವು ವಿಷವೇರಿ, ೧೯೧೨ರಲ್ಲಿ ತೀರಿಕೊಂಡನು.

೪

ಕೊಕ್ಕೆಯಿಂದಾದ ನಷ್ಟವು ದೊಡ್ಡದಾದರೂ ಅದಕ್ಕೆ ಪ್ರತೀಕಾರವಿದ್ದಿತು. ಚಿಪ್ಪಿನ ಗಾತ್ರಕ್ಕೆ ಮಿತಿ ಹಾಕಬಹುದು. ನೆಲೆಗಳನ್ನು ಸರದಿಯಂತೆ ಮುಚ್ಚಿ ತೆರೆಯಬಹುದು. ಕೆಲವು ಸಂಸ್ಥಾನಗಳು ಹಾಗೆ ಮಾಡಿಯೂ ಮಾಡಿದವು. ಆದರೆ ಅಷ್ಟರಲ್ಲಿ ನದಿಯೇ ಬೇರೆಯಾಗುತ್ತಿದ್ದಿತು.

೧೯೧೩ರಲ್ಲಿ ಐಯೋವ ಸಂಸ್ಥಾನದ ಕಿಯೋಕಕ್ ಎಂಬಲ್ಲಿ ಮಿಸಿಸಿಪಿಗೆ ಅಡ್ಡಲಾಗಿ ವಿದ್ಯುಚ್ಛಕ್ತಿಗಾಗಿ ಅಣೆಕಟ್ಟು ಮುಗಿಯಿತು. ಗುಂಡಿಗೆ ಎಲ್ಲಕ್ಕಿಂತ ಮೇಲೆಂದು ಹೆಸರಾಗಿದ್ದುದು ಕರಿಮರದ ಚಿಪ್ಪು. ಅದರ ಮರಿಗಳಿಗೆ ವಾಹನವಾದ ಮೀನು ಸ್ಕಿಪ್‌ಜ್ಯಾಕ್ ಹೆರಿಂಗ್ ಎಂಬುದು. ದಕ್ಷಿಣದಿಂದ ಪ್ರವಾಹಕ್ಕೆ ಎದುರಾಗಿ ವರ್ಷವರ್ಷವೂ ವಲಸೆ ಬರುವಂತಹುದು. ಫೇರ್‌ಪೋರ್ಟಿನ ವಿದ್ವಾಂಸರು ಈ ನಂಟನ್ನು ಕಂಡುಕೊಂಡದ್ದೂ, ಅಣೆಕಟ್ಟು ಆ ಮೀನಿನ ದಾರಿಯನ್ನು ಕಡಿದದ್ದೂ ಹೆಚ್ಚು ಕಡಮೆ ಒಂದೇ ಕಾಲದಲ್ಲಿ. ಕಿಯೋಕಕ್ಕಿನ ಮೇಲಿನ ನದಿಯಲ್ಲಿ ಕರಿಮರದ ಚಿಪ್ಪುಗಳು ಆ ದಿನವೇ ಸಾಯಲಿಲ್ಲ. ದೀರ್ಘಾಯುಷಿಗಳಾದುದರಿಂದ ಹಲವು ದಶಕಗಳವರೆಗೆ ಬದುಕಿಯೇ ಇದ್ದವು. ಕಾಲಕಾಲಕ್ಕೆ ಮರಿಗಳನ್ನೂ ಹೊರಬಿಟ್ಟವು. ಒಯ್ಯುವ ಮೀನು ಬರಲಿಲ್ಲ. ಮಕ್ಕಳಿಲ್ಲದ ಮನೆಯ ಮುದುಕರಂತೆ ಅವು ಒಂದೊಂದಾಗಿ ತೀರಿಹೋದವು. ಮೇಲುನೋಟಕ್ಕೆ ತುಂಬಿದ ನೆಲೆಯೂ ಒಳಗೆ ಸತ್ತ ನೆಲೆಯಾಗಿರಬಹುದೆಂಬುದು ಈ ಸಂಗತಿಯಿಂದ ವಿದಿತವಾಗುತ್ತದೆ.

ಅಲಬಾಮ ಸಂಸ್ಥಾನದ ಟೆನಿಸಿ ನದಿಯಲ್ಲಿ ಮಸಲ್ ಷೋಲ್ಸ್ ಎಂಬ ಸ್ಥಳವಿದೆ. ಅಲ್ಲಿ ನದಿಯು ಅಗಲವಾಗಿ, ಆಳವಿಲ್ಲದೆ, ಕಲ್ಲುಗಳ ಮೇಲೆ ರಭಸದಿಂದ ಹರಿಯುತ್ತಿದ್ದಿತು. ಒಂದೇ ನದಿಯ ಆ ಒಂದೇ ಭಾಗದಲ್ಲಿ ಸುಮಾರು ೭೦ ಜಾತಿಯ ಕಪ್ಪೆಚಿಪ್ಪುಗಳು ನೆಲಸಿದ್ದವು. ಭೂಮಿಯ ಮೇಲೆ ಇದಕ್ಕೆ ಸಮನಾದ ನೆಲೆಯು ಮತ್ತೊಂದಿರಲಿಲ್ಲ. ೧೯೧೮ರಲ್ಲಿ ಆರಂಭವಾದ ವಿಲ್ಸನ್ ಅಣೆಕಟ್ಟು ೧೯೨೪ರಲ್ಲಿ ಮುಗಿಯಿತು. ಪಿಟ್ಸ್‌ಬರ್ಗಿನ ಕಾರ್ನೆಗೀ ವಸ್ತುಸಂಗ್ರಹಾಲಯದ ಆರ್ನಲ್ಡ್ ಆರ್ಟ್‌ಮನ್ ಎಂಬ ವಿದ್ವಾಂಸರು ೧೯೦೯ರಲ್ಲಿಯೇ, ಗಣಿಗಳ ಹಾಗೂ ಕಾರ್ಖಾನೆಗಳ ಕೊಳೆಯಿಂದ ಪಶ್ಚಿಮ ಪೆನ್ಸಿಲ್ವೇನಿಯದ ನದಿಗಳ ಜಲಚರಗಳು ಅಳಿದುದನ್ನು ಬರೆದಿದ್ದರು. ೧೯೨೪ರಲ್ಲಿ ಅವರೇ ಮಸಲ್ ಷೋಲ್ಸಿಗೆ ಒದಗಿದ ಗತಿಯನ್ನೂ ಬರೆಯಬೇಕಾಯಿತು. ಅನಂತರ ೧೯೩೦ರ ದಶಕದಲ್ಲಿ ಟೆನಿಸಿ ನದಿಗೆ ಇನ್ನೂ ಹಲವು ಕಟ್ಟೆಗಳು ಬಂದವು. ಹರಿಯುವ ನೀರು ನಿಂತ ನೀರಾಯಿತು. ಕಲ್ಲಿನ ಮೇಲೆ ಹೂಳು ಬಿದ್ದಿತು. ವೇಗವಾದ ನೀರನ್ನೇ ನಂಬಿದ ಜಾತಿಗಳು ಉಸಿರುಕಟ್ಟಿ ಹೋದವು.

ಆ ಅಣೆಕಟ್ಟುಗಳು ಬಡ ಸೀಮೆಗಳಿಗೆ ದೀಪವನ್ನೂ ಪ್ರವಾಹದಿಂದ ರಕ್ಷೆಯನ್ನೂ ಕೊಟ್ಟವೆಂಬುದು ನಿಜ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಕಟ್ಟುವಾಗ ಮಾಡಿದ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಈ ಕಲಮು ಇರಲೇ ಇಲ್ಲವೆಂಬುದೂ ನಿಜ.

ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ ಗುಂಡಿಯು ಚಿಪ್ಪಿನ ಗುಂಡಿಯನ್ನು ಸಂತೆಯಿಂದ ಓಡಿಸಿತು. ಆಗಲೂ ಕಪ್ಪೆಚಿಪ್ಪಿಗೆ ಬಿಡುವು ಸಿಕ್ಕಲಿಲ್ಲ. ಜಪಾನಿನಲ್ಲಿ ಮುತ್ತನ್ನು ಬೆಳಸುವವರು ಸಿಂಪಿಯೊಳಗೆ ಬೀಜವಾಗಿ ಇಡುವ ಮಣಿಗೆ ಅಮೇರಿಕಾದ ನದಿಗಳ ಈ ಚಿಪ್ಪೇ ಶ್ರೇಷ್ಠವೆಂದು ಕಂಡುಕೊಂಡರು. ಕಂಠದಲ್ಲಿ ಹೊಳೆಯುವ ಜಪಾನಿ ಮುತ್ತಿನ ಒಡಲಲ್ಲಿ ಟೆನಿಸಿ ನದಿಯ ಚೂರೊಂದು ಅಡಗಿರುವುದು ಹೀಗೆ.

೫

೧೯೭೩ರಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನವು ಅಳಿವಿನ ಅಂಚಿನಲ್ಲಿರುವ ಜೀವಜಾತಿಗಳ ರಕ್ಷಣೆಗೆ ಕಾಯಿದೆಯನ್ನು ಮಾಡಿತು. ೧೯೭೬ರಲ್ಲಿ ಅನೇಕ ಕಪ್ಪೆಚಿಪ್ಪುಗಳು ಅದರ ಪಟ್ಟಿಗೆ ಸೇರಿದವು. ಹುಲಿ, ಹದ್ದುಗಳಂತೆ ಜನರ ಮನಸ್ಸನ್ನು ಸೆಳೆಯಲಾರದ ಪ್ರಾಣಿಗೆ ಶಾಸನದ ಆಸರೆ ದೊರೆತುದು ವಿಶೇಷವೇ ಸರಿ.

೧೯೯೩ರಲ್ಲಿ ಐವರು ವಿದ್ವಾಂಸರು ಸೇರಿ ಅಮೇರಿಕಾ ಮತ್ತು ಕೆನಡಾಗಳ ಕಪ್ಪೆಚಿಪ್ಪುಗಳ ಸ್ಥಿತಿಯನ್ನು ಒಂದೊಂದಾಗಿ ವಿಮರ್ಶಿಸಿ ಪ್ರಕಟಿಸಿದರು. ಜಾತಿ, ಉಪಜಾತಿಗಳು ಕೂಡಿ ಅವರು ಪರೀಕ್ಷಿಸಿದುವು ೨೯೭. ಅವುಗಳಲ್ಲಿ ೨೧ ಬಹುಶಃ ಅಳಿದೇಹೋಗಿದ್ದವು. ೭೭ ಅಳಿವಿನ ಅಂಚಿನಲ್ಲಿದ್ದವು. ೪೩ ಅಪಾಯಕ್ಕೆ ಒಳಗಾಗಿದ್ದವು. ೭೨ ವಿಶೇಷವಾದ ಎಚ್ಚರಿಕೆಯನ್ನು ಬೇಡುತ್ತಿದ್ದವು. ೧೪ರ ಸ್ಥಿತಿಯು ನಿರ್ಧಾರವಾಗಲಿಲ್ಲ. ಸುಸ್ಥಿತಿಯಲ್ಲಿದ್ದುವು ೭೦ ಮಾತ್ರ. ಎಂದರೆ ನಾಲ್ಕರಲ್ಲೊಂದು ಪಾಲಿಗೂ ಕ್ಷೇಮವಿರಲಿಲ್ಲ. ಇದು ಊರಿನ ಖಾನೇಸುಮಾರಿಯಂತಲ್ಲದೆ ರೋಗಿಗಳ ಪಟ್ಟಿಯಂತೆ ಓದಿಸಿಕೊಳ್ಳುವ ಲೆಕ್ಕ.

ಒಂದು ಜಾತಿಯು ಅಳಿಯಿತೆಂದು ಹೇಳುವುದು ಸುಲಭವಲ್ಲ. ಇದೆಯೆಂಬುದಕ್ಕೆ ಒಂದು ಜೀವಂತ ಚಿಪ್ಪು ಸಾಕು. ಇಲ್ಲವೆಂಬುದಕ್ಕೆ ನದಿಯೆಲ್ಲವನ್ನೂ ಮತ್ತೆ ಮತ್ತೆ ತಡಕಬೇಕು. ಟಾಂಬಿಗ್ಬಿ ನದಿಯ ರಿಕಾಪುಚಿಪ್ಪು ಮತ್ತು ಚಪ್ಪಟೆ ಹಂದಿಗೊರಸು ಎಂಬ ಎರಡು ಜಾತಿಗಳ ಉದಾಹರಣೆಯನ್ನು ನೋಡಬಹುದು. ಆ ನದಿಯನ್ನು ಟೆನಿಸಿಗೆ ಜೋಡಿಸುವ ಹಡಗುಗಾಲುವೆಯ ಕೆಲಸವು ೧೯೮೪ರಲ್ಲಿ ಮುಗಿಯಿತು. ಈ ಜಾತಿಗಳು ರಕ್ಷಣೆಯ ಪಟ್ಟಿಗೆ ಸೇರಿದ್ದು ೧೯೮೭ರಲ್ಲಿ. ಮನೆಯು ಮುಳುಗಿದ ಮೇಲೆ ಬೀಗವನ್ನು ತಂದಂತಾಯಿತು. ೨೦೨೩ರ ಅಕ್ಟೋಬರಿನಲ್ಲಿ ಸರಕಾರವು ೨೧ ಜೀವಜಾತಿಗಳನ್ನು, ಅಳಿದುಹೋದವೆಂಬ ಕಾರಣದಿಂದ, ರಕ್ಷಣೆಯ ಪಟ್ಟಿಯಿಂದ ತೆಗೆದುಹಾಕಿತು. ಅವುಗಳಲ್ಲಿ ೮ ಸಿಹಿನೀರಿನ ಕಪ್ಪೆಚಿಪ್ಪುಗಳು. ಆ ಎಂಟರಲ್ಲಿ ಟಾಂಬಿಗ್ಬಿಯ ಈ ಎರಡೂ ಇದ್ದವು.

ಹೊಸ ಶತ್ರುಗಳೂ ಬಂದರು. ೧೯೮೮ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಯೂರೋಪಿನ ಪಟ್ಟೆಚಿಪ್ಪೊಂದು ಕಾಣಿಸಿತು. ಹಡಗುಗಳ ನೀರಿನೊಡನೆ ಬಂದ ಈ ಬೆರಳುಗುರಿನ ಗಾತ್ರದ ಪ್ರಾಣಿಯು ಸ್ಥಳದ ಚಿಪ್ಪುಗಳ ಮೈಮೇಲೆಯೇ ಸಾವಿರಗಟ್ಟಲೆ ಅಂಟಿಕೊಂಡು ಅವುಗಳ ಬಾಯಿಯನ್ನು ಮುಚ್ಚಿಬಿಡುತ್ತದೆ. ೧೯೯೮ರ ಆಗಸ್ಟಿನಲ್ಲಿ ವರ್ಜೀನಿಯದ ಕ್ಲಿಂಚ್ ನದಿಯ ದಡದಲ್ಲಿ ರಾಸಾಯನಿಕವನ್ನು ತುಂಬಿದ ಲಾರಿಯೊಂದು ಉರುಳಿ ಸುಮಾರು ೭೦೦೦ ಕಪ್ಪೆಚಿಪ್ಪುಗಳು ಸತ್ತವು.

ಹಾಗಿದ್ದರೂ ಈ ಚರಿತ್ರೆಯು ನಿರಾಶೆಯಿಂದಲೇ ತುಂಬಿಲ್ಲ. ಟೆನಿಸಿ ಸಂಸ್ಥಾನದ ಡಕ್ ನದಿಗೆ ಕೊಲಂಬಿಯ ಎಂಬಲ್ಲಿ ೧೯೭೩ರಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟು, ಮುಖ್ಯವಾಗಿ ಅಲ್ಲಿನ ಅಪರೂಪದ ಕಪ್ಪೆಚಿಪ್ಪುಗಳ ಪ್ರಶ್ನೆಯಿಂದಾಗಿ, ೧೯೮೩ರಲ್ಲಿ ನಿಂತಿತು. ಅರೆಕಟ್ಟಿದ ಗೋಡೆಯನ್ನು ೧೯೯೯ರಲ್ಲಿ ಕೆಡವಿದರು. ನದಿಯ ಮೇಲ್ಭಾಗದ ಬೇರೊಂದು ಕಟ್ಟೆಯಿಂದ ಬಿಡುವ ನೀರಿನ ಗುಣವನ್ನೂ ಉತ್ತಮಪಡಿಸಿದರು. ಡಕ್ ನದಿಯಲ್ಲಿ ಇಂದು ಚಿಪ್ಪುಗಳು ಸಮೃದ್ಧವಾಗಿವೆ. ಮಿಸಿಸಿಪಿಯ ಹಿಗಿನ್ಸ್ ಕಣ್ಣು ಎಂಬ ಜಾತಿಯನ್ನು ವಿಸ್ಕಾನ್ಸಿನ್ ಸಂಸ್ಥಾನದ ಜಿನೋವದ ಮತ್ಸ್ಯಾಲಯದಲ್ಲಿ ಮೀನುಗಳ ಮೇಲೆ ಬೆಳಸಿ ನದಿಗೆ ಮರಳಿಸುತ್ತಿದ್ದಾರೆ. ಲೆಫೀವರ್, ಕರ್ಟಿಸರು ಗುಂಡಿಗಾಗಿ ಕಂಡುಹಿಡಿದ ಉಪಾಯವು ಇಂದು ಪ್ರಾಣಿಗಾಗಿಯೇ ಸಲ್ಲುತ್ತಿದೆ.

೬

ಈ ಬಗೆಯ ಪ್ರಾಣಿಯು ಕನ್ನಡನಾಡಿಗೆ ಹೊರಗಿನದಲ್ಲ. ೧೮೯೮ರಲ್ಲಿ ಎಡ್ಗರ್ ಸ್ಮಿತ್ ಎಂಬ ಆಂಗ್ಲ ವಿದ್ವಾಂಸನು ಮೈಸೂರು ಸೀಮೆಯ ಭದ್ರಾನದಿಯಿಂದ ಬಂದ ಚಿಪ್ಪೊಂದನ್ನು ವರ್ಣಿಸಿ, ಸಂಗ್ರಹಿಸಿದ ಡೇಲಿಯ ಹೆಸರನ್ನು ಅದಕ್ಕಿಟ್ಟನು. ಸಾಮಾನ್ಯವಾದ ಕಪ್ಪೆಚಿಪ್ಪಿನಂತೆ ಅದು ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಬಂಡೆಗೆ ಗಾರೆಹಾಕಿದಂತೆ ಅಂಟಿಕೊಂಡು ಬದುಕುತ್ತದೆ. ಅದರ ಬಂಧುಗಳೆಂದು ಆಗ ಭಾವಿಸಿದುವು ಇದ್ದುದು ದೂರದ ದಕ್ಷಿಣ ಅಮೇರಿಕಾದಲ್ಲಿ. ಆದುದರಿಂದ ವಿದ್ವಾಂಸರಿಗೆ ಬಹಳ ಆಶ್ಚರ್ಯವಾಯಿತು. ಸಂಬಂಧವು ಹೊರನೋಟದ್ದೆಂದು ಮುಂದೆ ತಿಳಿದು, ೧೯೦೭ರಲ್ಲಿ ಅದಕ್ಕೆ ಸ್ಯೂಡೋಮುಲ್ಲೇರಿಯ ಎಂಬ ಬೇರೆ ಕುಲನಾಮವಾಯಿತು. ಪಶ್ಚಿಮಘಟ್ಟದಿಂದ ಇಳಿಯುವ ಕೆಲವೇ ನದಿಗಳ ಕಲ್ಲುಪಾತ್ರಗಳಲ್ಲಿ ಅದು ಸಿಕ್ಕುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘದವರು ಅದನ್ನು ಅಳಿವಿನ ಅಪಾಯಕ್ಕೊಳಗಾದ ಜಾತಿಯೆಂದು ಗಣಿಸಿದ್ದಾರೆ. ಅದರ ನದಿಗಳಿಗೂ ಅಣೆಕಟ್ಟುಗಳು ಬಂದಿವೆ. ಮರಳು ತೆಗೆಯುವವರೂ ಬಂದಿದ್ದಾರೆ.

ಮಿಸಿಸಿಪಿಯ ಚರಿತ್ರೆಯಿಂದ ತಿಳಿಯಬರುವ ತಥ್ಯವು ಇಷ್ಟು. ೧೮೯೯ರಲ್ಲಿ ಎಚ್ಚರಿಕೆಯಿದ್ದಿತು, ೧೯೧೩ರಲ್ಲಿ ಮೀನು ಮತ್ತು ಚಿಪ್ಪುಗಳ ನಂಟು ಗೊತ್ತಿದ್ದಿತು, ೧೯೨೪ರಲ್ಲಿ ನಷ್ಟದ ಪ್ರಮಾಣವನ್ನು ಬಲ್ಲವರು ಬರೆದಿಟ್ಟರು. ಕಾಯಿದೆಯಾದುದು ೧೯೭೩ರಲ್ಲಿ. ತಿಳಿವಳಿಕೆಗೂ ನಡೆವಳಿಕೆಗೂ ನಡುವೆ ಕಳೆದ ಆ ಮುಕ್ಕಾಲು ಶತಮಾನದಲ್ಲಿಯೇ ಹಲವು ಜಾತಿಗಳು ಕಳೆದುಹೋದವು. ನದಿಯ ಪ್ರಾಣಿಗಳ ಸ್ಥಿತಿಯನ್ನು ವಿಮರ್ಶಿಸಿ ಪಟ್ಟಿಮಾಡುವ ಕೆಲಸವು ಒಣ ಕೆಲಸವೆಂದು ತೋರಬಹುದು. ಆದರೆ ಆ ಪಟ್ಟಿಯು ಅಣೆಕಟ್ಟಿನ ಅಂದಾಜು ಪತ್ರಿಕೆಗಿಂತ ಮೊದಲು ಸಿದ್ಧವಾಗಿದ್ದರೆ ಅದು ರಕ್ಷೆಯಾಗುತ್ತದೆ. ತರುವಾಯ ಸಿದ್ಧವಾದರೆ ಮರಣಪತ್ರಿಕೆಯಾಗುತ್ತದೆ. ಹಳೆಯ ಮನೆಗಳ ಹೊಲಿಗೆಯ ಪೆಟ್ಟಿಗೆಯಲ್ಲಿ ಕಾಮನಬಿಲ್ಲಿನ ಛಾಯೆಯ ಬಿಳಿಯ ಗುಂಡಿಯೊಂದು ಸಿಕ್ಕಿದರೆ, ಅದನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಅದರ ಗೆರೆಗಳು ಒಂದು ಜೀವಿಯ ವರ್ಷಗಳು.